ಯಮನೂರ ಮುಗಿಸಿರಲಿಲ್ಲ

ಯಮನೂರ ಬಡಿಗೇರ ತೀರಿಕೊಂಡು ಇವತ್ತಿಗೆ ನಲವತ್ತೆರಡು ದಿನ. ಠಾಣೆಯ ಕಪಾಟಿನಲ್ಲಿರುವ ಕಾಗದದ ಪ್ರಕಾರ ಅವನು ಕೆಲಸ ಅರ್ಧಕ್ಕೆ ಬಿಟ್ಟವನು. ಬಿಟ್ಟದ್ದಲ್ಲದೆ ‘ಮುಗಿಯಿತು’ ಎಂದು ಬಾಯಿಬಿಟ್ಟು ಹೇಳಿ, ಒಂದು ಹಳೆಯ ಮಿಲಿಟರಿ ಲಾರಿಯನ್ನು ರಸ್ತೆಗೆ ಕಳಿಸಿ, ತರಕಾರಿ ಮಾರುವ ಹೇಮಿಬಾಯಿಯ ಕಾಲು ಮುರಿದವನು. ಆ ಕಾಗದದಲ್ಲಿ ಅವನ ಹೆಸರೂ ಸರಿಯಿಲ್ಲ. ‘ಜಮನೂರ್’ ಎಂದಿದೆ. ಹೆಸರು ಹಾಳಾಗಲಿ, ‘ಮುಗಿಯಿತು ಎಂದು ಹೇಳಿದನು’ ಎಂಬ ಆ ಒಂದು ಸಾಲನ್ನು ಹೊಡೆದುಹಾಕಿಸಬೇಕೆಂದು ಅವನು ಎಂಟು ತಿಂಗಳು ಓಡಾಡಿದ. ಸಾಲು ಹಾಗೇ ಉಳಿಯಿತು, ಅವನು ಹೋದ.

ಅವನ ಜತೆ ಓಡಾಡಿದವನು ಕಾಸೀಮಸಾಬ. ಗೋವಾದ ಮಂಗೋರ್ ಹಿಲ್‌ನ ಇಳಿಜಾರಿನಲ್ಲಿ ಕಾಸೀಮಸಾಬನ ಲೇಥ್ ಮಷಿನ್ನಿನ ಖೋಲಿ ಇದೆ, ಅದರ ಗೋಡೆಗೆ ಹತ್ತಿ ಯಮನೂರನ ಗ್ಯಾರೇಜು. ಇಪ್ಪತ್ತಾರು ವರ್ಷ ಕಾಸೀಮಸಾಬ ಆ ಗೋಡೆಯಾಚೆಯಿಂದ ಬೈಗುಳ ಕೇಳಿದ್ದಾನೆ. ಬಿಚ್ಚಲು ಬಾರದ ನಟ್ಟಿಗೆ ಯಮನೂರ ಅದರ ಮೂರು ತಲೆಮಾರು ಎತ್ತಿ ಬೈಯುತ್ತಿದ್ದ. ಮನುಷ್ಯರಿಗೆ ಬೈದದ್ದು ಕಡಿಮೆ. “ನಟ್ಟಿಗಿ ಬೈದ್ರ ನಟ್ ತಿರಗತೈತಿ ಸಾಬಣ್ಣ, ಮನಶ್ಯಾಗ ಬೈದ್ರ ಮನಶ್ಯಾ ತಿರುಗಿ ಬೀಳತಾನ” ಎನ್ನುತ್ತಿದ್ದ. ಈಗ ಗೋಡೆಯಾಚೆ ಸದ್ದಿಲ್ಲ. ಕಾಸೀಮಸಾಬನಿಗೆ ತನ್ನ ಮಷಿನ್ನಿನ ಸದ್ದು ಕೇಳಿದರೂ ಸಿಟ್ಟು ಬರುತ್ತದೆ.

ಯಮನೂರ ರೋಣ ತಾಲೂಕಿನವನು. ಅಪ್ಪ ಎತ್ತಿನ ಚಕ್ಕಡಿ ಮಾಡುವ ಬಡಿಗ. ಊರಿಗೆ ಟ್ರ್ಯಾಕ್ಟರು ಬಂದ ಮೇಲೆ ಚಕ್ಕಡಿ ಕೇಳುವವರಿಲ್ಲದೆ ಅಪ್ಪನ ಉಳಿ ತುಕ್ಕು ಹಿಡಿಯಿತು, ಮಗ ಅದಿರು ಲಾರಿಯ ಕ್ಲೀನರನಾಗಿ ಗೋವಾಕ್ಕೆ ಬಂದ. ಮೊದಲು ಮುರ್ಮುಗಾಂವ್ ಬಂದರಿನಲ್ಲಿ ಹಮಾಲಿ, ಆಮೇಲೆ ಗ್ಯಾರೇಜು. ಎಂಜಿನ್ ಕೆಲಸ ಅವನಿಗೆ ಒಗ್ಗಲಿಲ್ಲ. ಲಾರಿಯ ಕೆಳಗೆ ಮಲಗಿ ಮುಂದಿನ ಅಚ್ಚು ನೋಡಿದ ದಿನ, “ಇದು ನಮ್ಮಪ್ಪನ ಕೆಲಸಾನ ಐತಿ, ಕಬ್ಬಿಣದಾಗ ಮಾಡ್ಯಾರ ಅಷ್ಟ” ಎಂದನಂತೆ. ಅಲ್ಲಿಂದ ಮುಂದಿನ ಅಚ್ಚಿನ ಮೇಸ್ತ್ರಿಯಾದ. ಗುಂಡಿ ಬಿದ್ದ ಗಣಿ ರಸ್ತೆಯಲ್ಲಿ ಅಚ್ಚು ಕೆಡಿಸಿಕೊಂಡ ಟಿಪ್ಪರುಗಳು ಅವನ ಬಾಗಿಲ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಅಚ್ಚಿನ ನಟ್ಟು ಕಳಚದಂತೆ ಹಾಕುವ ಸಣ್ಣ ಪಿನ್ನಿಗೆ ಅವನು ಚಕ್ಕಡಿಯ ಮಾತೇ ಆಡುತ್ತಿದ್ದ: ಕಡಾಣಿ.

ಗಣಿ ಮುಚ್ಚಿ ಅದಿರು ನಿಂತ ವರ್ಷ ಟಿಪ್ಪರುಗಳು ನಿಂತವು. ಗ್ಯಾರೇಜಿನವರೆಲ್ಲ ಚದುರಿದರು. ಯಮನೂರನೂ ಕುಂಡಯಿಯ ಕಾರ್ಖಾನೆಯೊಂದಕ್ಕೆ ಹೋಗಿ ಹನ್ನೊಂದು ತಿಂಗಳು ಮಷಿನ್ನಿನ ಹಿಡಿಕೆ ಎಳೆದ. ತಿರುಗಿ ಬಂದು ಗ್ಯಾರೇಜಿನ ಬೀಗ ತೆಗೆದಾಗ ಕಾಸೀಮಸಾಬ ಕೇಳಿದ್ದ, “ಯಾಕೋ, ಅಲ್ಲಿ ನೆಳ್ಳಾಗಿನ ಕೆಲಸಾ ಅಲ್ಲೇನೊ?”

“ನೆಳ್ಳೇನೊ ಐತಿ. ಕೆಲಸಾ ಮುಗಿಯೂದ ಇಲ್ಲ ಅಲ್ಲಿ. ಗಂಟಿ ಬಾರಸ್ತಾರ, ಬಿಟ್ಟ ಬರೂದು. ಹಂಗ ಬಿಟ್ಟ ಬಂದ್ರ ನನಗ ಊಟ ಇಳಿಯಾಂಗಿಲ್ಲ.”

ಇಂಥವನ ಮೇಲೆ ‘ಕೆಲಸ ಅರ್ಧಕ್ಕೆ ಬಿಟ್ಟ’ ಎಂದು ಬರೆದರು.

ಆ ಲಾರಿ ಬಂದದ್ದು ಹೋದ ವರ್ಷದ ಗಣೇಶ ಹಬ್ಬ ಕಳೆದ ಮೇಲೆ. ಎರಡನೇ ಮಹಾಯುದ್ಧದ ಕಾಲದ ಡಾಡ್ಜ್. ಸೈನ್ಯದ ಹರಾಜಿನಿಂದ ಕಟ್ಟಿಗೆ ಡಿಪೋಕ್ಕೆ ಹೋಗಿ, ಅಲ್ಲಿ ದುಡಿದು ಸೋತು, ಕೊನೆಗೆ ಯಾರದೋ ಹಿತ್ತಲಲ್ಲಿ ಕೋಳಿ ಗೂಡಾಗಿತ್ತು. ಸಮುದ್ರದ ಬದಿಗೆ ರೆಸಾರ್ಟ್ ಇಟ್ಟಿರುವ ಸಾಹುಕಾರನೊಬ್ಬ ಅದನ್ನು ಕೊಂಡು, ಎಂಜಿನ್ ಬೇರೆಡೆ ರಿಪೇರಿ ಮಾಡಿಸಿ, ಮುಂದಿನ ಅಚ್ಚಿನ ಕೆಲಸಕ್ಕೆ ಯಮನೂರನ ಹತ್ತಿರ ಕಳಿಸಿದ್ದ. ಗೋವಾದಲ್ಲಿ ಧಣಿಗೆ ಪಾತ್ರಾಂವ ಎನ್ನುತ್ತಾರೆ, ಅವನನ್ನೂ ಎಲ್ಲರೂ ಹಾಗೇ ಕರೆಯುತ್ತಿದ್ದರು. ಪಾತ್ರಾಂವ ಗ್ಯಾರೇಜಿಗೆ ಬಂದದ್ದು ಒಮ್ಮೆ, ಫೋಟೊ ತೆಗೆಸಿಕೊಳ್ಳಲು. ಮಿಕ್ಕಂತೆ ಬರುತ್ತಿದ್ದವನು ಅವನ ಮ್ಯಾನೇಜರ್ ಮೋತಿಲಾಲ.

ಸಾದಾ ಲಾರಿಯ ಮುಂದಿನ ಅಚ್ಚು ಭಾರ ಹೊತ್ತರೆ ಸಾಕು. ಇದು ಭಾರವನ್ನೂ ಹೊರಬೇಕು, ಕೆಸರಿನಲ್ಲಿ ಗಾಡಿಯನ್ನೂ ಎಳೆಯಬೇಕು. ಅದಕ್ಕೆ ಅಚ್ಚಿನ ಎರಡೂ ತುದಿಗೆ ತೆಂಗಿನಕಾಯಿ ಗಾತ್ರದ ಟೊಳ್ಳು ಗುಂಡು, ಗುಂಡನ್ನು ಕವಿಚಿಕೊಂಡು ತಿರುಗುವ ಬಟ್ಟಲು, ಬಟ್ಟಲಿನ ಮೇಲೊಂದು ಕೆಳಗೊಂದು ಕಿಂಗ್‌ಪಿನ್. ಆ ಪಿನ್ನುಗಳ ಮುಚ್ಚಳದಡಿ ಕಾಗದದಷ್ಟು ತೆಳುವಾದ ತಗಡಿನ ಬಳೆಗಳು. ಒಂದು ಬಳೆ ಹೆಚ್ಚಾದರೆ ಸ್ಟೀರಿಂಗು ಅಲುಗುತ್ತದೆ, ಒಂದು ಕಡಿಮೆಯಾದರೆ ಕಲ್ಲಾಗುತ್ತದೆ. ಲಾರಿಯ ಕಿಂಗ್‌ಪಿನ್ನುಗಳು ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದವು. ಸಾಮಾನು ಎಲ್ಲೂ ಸಿಗುವಂತಿರಲಿಲ್ಲ. ಮೂಲೆಯಲ್ಲಿ ಬಿದ್ದ ಟಿಪ್ಪರಿನ ಶಾಫ್ಟು ಕೊಯ್ದು ಕಾಸೀಮಸಾಬ ನಾಲ್ಕು ಹೊಸ ಪಿನ್ ಕಡೆದ. ಬಂದರಿನಲ್ಲಿ ಒಡೆದ ಬಾರ್ಜೊಂದರ ಕಂಚು ತಂದು ಪಿನ್ ಕೂರುವ ಬುಷ್ ಮಾಡಿದ. ಮೂರು ಸಲ ಯಮನೂರ ಅವನ್ನು ತಿರುಗಿ ಒಗೆದ. “ಏನ್ ಸಾಬಣ್ಣ, ಪಿನ್ ಮಾಡೀಯೊ ಇಲ್ಲಾ ಲಟ್ಟಣಿಗಿ ಮಾಡೀಯೊ? ನಿನ್ನ ಹೇಂತಿ ಕೈಯಾಗ ಕೊಡು, ರೊಟ್ಟಿ ಚಲೋ ಆಗ್ತಾವ.” ನಾಲ್ಕನೇ ಸಲ ಪಿನ್ ಬುಷ್‌ನೊಳಗೆ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯಿತು. ಯಮನೂರ ಬೈಯಲಿಲ್ಲ. ಅದು ಅವನ ಹೊಗಳಿಕೆ.

ಗುಂಡಿನ ಬಾಯಿಗೆ ಧೂಳು ಹೋಗದಂತೆ ಉಣ್ಣೆಯ ಬಳೆ ಬೇಕು. ಅದಕ್ಕಾಗಿ ಅವನು ಹೆಂಡತಿ ಹುಲಿಗೆಮ್ಮನ ತವರಿನ ಕಂಬಳಿಯ ಮೂಲೆ ಕತ್ತರಿಸಿದ. ಹುಲಿಗೆಮ್ಮ ಕಂಬಳಿ ಹಿಡಿದುಕೊಂಡು ಗ್ಯಾರೇಜಿಗೇ ಬಂದಳು. “ನಮ್ಮವ್ವ ಕೊಟ್ಟದ್ದು ನಾ ಹೊಚ್ಚಗೊಳ್ಳಾಕೊ, ನಿನ್ನ ಲಾರಿ ಹೊಚ್ಚಗೊಳ್ಳಾಕೊ?” ಎಂದು ಇಡೀ ಇಳಿಜಾರಿಗೆ ಕೇಳುವಂತೆ ಜಗಳಾಡಿದಳು. “ಲಾರಿಗಿ ಥಂಡಿ ಭಾಳ ಅಕೈತೆ” ಎಂದ ಯಮನೂರ.

ಅವನ ಕೆಲಸಕ್ಕೊಂದು ಕ್ರಮವಿತ್ತು. ಮೊದಲು ಒಣಾ ಕೂಡಿಸುವುದು, ಆಮೇಲೆ ಹಸೀ ಕೂಡಿಸುವುದು. ಒಣಾ ಎಂದರೆ ಗ್ರೀಸಿಲ್ಲ, ಕಂಬಳಿ ಬಳೆಯಿಲ್ಲ, ಕಡಾಣಿಯಿಲ್ಲ. ನಟ್ಟುಗಳನ್ನು ಕೈಬಿಗಿ ಹಾಕಿ, ಗಾಲಿ ಏರಿಸಿ, ಅಳತೆ ನೋಡಿ, ಮತ್ತೆ ಎಲ್ಲ ಬಿಚ್ಚಿ ತೊಳೆದು, ಆಗ ಗ್ರೀಸು ತುಂಬಿ ಹಸೀ ಕೂಡಿಸುತ್ತಿದ್ದ. ಬಟ್ಟಲು ಎಷ್ಟು ಬಿಗಿಯಾಗಿ ತಿರುಗುತ್ತದೆ ಎಂದು ತೂಗಿ ನೋಡಲು ಅವನಿಗೆ ಕೊಕ್ಕೆಯ ಕಾಂಟಾ ಬೇಕು. ಅದು ಅವನಲ್ಲಿರಲಿಲ್ಲ. ಕೆಳಗೆ ತಿರುವಿನಲ್ಲಿ ತರಕಾರಿ ಮಾರಲು ಕೂರುವ ಹೇಮಿಬಾಯಿಯದನ್ನು ತರುತ್ತಿದ್ದ. ಕೊಕ್ಕೆಯನ್ನು ಸ್ಟೀರಿಂಗಿನ ತೋಳಿಗೆ ಸಿಕ್ಕಿಸಿ ಎಳೆದಾಗ ಮುಳ್ಳು ಎರಡು ಕಿಲೋಕ್ಕಿಂತ ಕೆಳಗಿರಬಾರದು, ಮೂರು ದಾಟಬಾರದು. ಪ್ರತಿ ಅಚ್ಚಿಗೂ ಎರಡು ಸಲ ಕಾಂಟಾ: ಒಣಕ್ಕೊಮ್ಮೆ, ಹಸಿಗೊಮ್ಮೆ.

“ಬದನಿಕಾಯಿಗೆಲ್ಲಾ ನಿನ್ನ ಗ್ರೀಸಿನ ವಾಸನಿ, ಯಮನೂರಣ್ಣ. ಮಂದಿ ಮೂಸಿ ನೋಡಿ ಇಟ್ಟ ಹೊಕ್ಕಾರ” ಎಂದು ಹೇಮಿಬಾಯಿ ಗೊಣಗುವಳು. ಲಂಬಾಣಿ ಹೆಂಗಸು, ಗಜೇಂದ್ರಗಡದ ಕಡೆಯ ತಾಂಡಾದವಳು. ಗೊಣಗಿದರೂ ಕಾಂಟಾ ಇಲ್ಲವೆಂದವಳಲ್ಲ.

ಲಾರಿಯನ್ನು ಪಣಜಿಯ ಹಳೆ ಗಾಡಿಗಳ ಮೆರವಣಿಗೆಗೆ ಒಯ್ಯಬೇಕೆಂದು ಪಾತ್ರಾಂವ ಪಟ್ಟು ಹಿಡಿದಿದ್ದ. ಮೆರವಣಿಗೆ ಜನವರಿಯ ಒಂದು ಭಾನುವಾರ. ಅದರ ಹಿಂದಿನ ಶುಕ್ರವಾರ ಬೆಳಿಗ್ಗೆ ಯಮನೂರ ಒಣಾ ಕೂಡಿಸಿ, ಗಾಲಿ ಏರಿಸಿ, ಕಾಂಟಾ ಹಾಕಿ ನೋಡಿ, ಕಾಂಟಾವನ್ನು ಹೇಮಿಬಾಯಿಗೆ ಮುಟ್ಟಿಸಿ ಬಂದಿದ್ದ. ಮತ್ತೆ ಲಾರಿಯ ಕೆಳಗೆ ನುಸುಳಿ ಬಳೆಗಳ ಲೆಕ್ಕವನ್ನು ಸುಣ್ಣದ ಕಡ್ಡಿಯಿಂದ ಅಚ್ಚಿನ ಮೇಲೇ ಬರೆಯುತ್ತಿದ್ದ. ಮೋತಿಲಾಲನ ಕಾರು ರಸ್ತೆಯಲ್ಲಿ ನಿಂತಿತು. ಎಂಜಿನ್ ಬಂದ್ ಮಾಡದೆ, ಕೆಳಗೂ ಇಳಿಯದೆ, ಕಿಟಕಿಯಿಂದಲೇ ಕೂಗಿದ.

“ಯಮನೂರ! ಆಯ್ತಾರಾ ಪಾತ್ರಾಂವಾಕ್ ಗಾಡಿ ಜಾಯ್. ಜಾಲೆಂ?”

ಭಾನುವಾರ ಪಾತ್ರಾಂವನಿಗೆ ಗಾಡಿ ಬೇಕು, ಆಯಿತೇ ಎಂದು. ಲಾರಿಯ ಕೆಳಗಿನಿಂದ ಯಮನೂರನ ದನಿ ಬಂತು: “ಆತ್ರಿ! ಆತು, ಆತು!”

ರೋಣದವರ ಬಾಯಲ್ಲಿ ‘ಆತು’ ಎಂಬ ಮಾತಿಗೆ ಎಷ್ಟು ಮುಖ! ಊಟ ಆತು ಎಂದರೆ ಮುಗಿಯಿತು. ನಾಳೆ ಬಾ ಎಂದವನಿಗೆ ಆತು ಎಂದರೆ ಬರುತ್ತೇನೆ ಎಂದು. ಬೈಯುವ ಹೆಂಡತಿಗೆ ಆತ ಬಿಡು ಎಂದರೆ ಸಾಕುಮಾಡು ಎಂದು. ಕೇಳುವವನಿಗೆ ಯಾವುದು ಯಾವುದೆಂದು ತಿಳಿಯುತ್ತದೆ, ಅವನು ಆ ಮಾತಿನೊಳಗೆ ಹುಟ್ಟಿದ್ದರೆ. ಯಮನೂರನ ಕಿವಿಗೆ ಬಿದ್ದದ್ದು ಭಾನುವಾರ ಬೇಕು ಎನ್ನುವಷ್ಟು. ಆಗಲಿ, ಕೇಳಿಸಿತು, ಭಾನುವಾರಕ್ಕೆ ಮಾಡುತ್ತೇನೆ ಎಂದು ಅವನು ಅಂದ. ಮೋತಿಲಾಲ ಕನ್ನಡದ ನಾಲ್ಕು ಮಾತು ಕಲಿತು ಮೆರೆಯುವವನು: ಬರ್ರಿ, ಹೋಗ್ರಿ, ಊಟ, ಆತು. ರೆಸಾರ್ಟಿನಲ್ಲಿ ಕಲ್ಲು ಇಳಿಸುವ ಆಳುಗಳು ಲಾರಿ ಖಾಲಿಯಾದಾಗ ‘ಆತು’ ಎಂದು ಕೂಗುವುದನ್ನು ಕೇಳಿ ಕಲಿತದ್ದು. ಅವನಿಗೆ ಆ ಮಾತಿನ ಅರ್ಥ ಒಂದೇ, ಜಾಲೆಂ.

ಗೋಡೆಯಾಚೆ ಲೇಥ್ ಮುಂದೆ ನಿಂತಿದ್ದ ಕಾಸೀಮಸಾಬನಿಗೆ ಎರಡೂ ಕೇಳಿಸಿತ್ತು, ಜಾಲೆಂ ಎಂದು ಕೇಳಿದ್ದೂ, ಆತು ಎಂದು ಕೂಗಿದ್ದೂ. ಅವನಿಗೆ ಯಮನೂರನ ಅರ್ಥ ಗೊತ್ತಾಯಿತು. ಮೋತಿಲಾಲನಿಗೂ ಅದೇ ಗೊತ್ತಾಗಿರುತ್ತದೆ ಎಂದುಕೊಂಡು ಮಷಿನ್ ತಿರುಗಿಸುತ್ತ ನಿಂತ. ಆ ನಿಂತದ್ದಕ್ಕೆ ಅವನು ತನ್ನನ್ನು ಇವತ್ತಿಗೂ ಬೈದುಕೊಳ್ಳುತ್ತಾನೆ.

ಶುಕ್ರವಾರ ಮಧ್ಯಾಹ್ನ ಕಾಸೀಮಸಾಬ ನಮಾಜಿಗೆ ಹೋಗುತ್ತಾನೆ. ಒಬ್ಬನೇ ಉಣ್ಣಲು ಬೇಸರವೆಂದು ಯಮನೂರನೂ ಅದೇ ಹೊತ್ತಿಗೆ ಮನೆಗೆ ಊಟಕ್ಕೆ ಹೋಗುವ ರೂಢಿ. ಗ್ಯಾರೇಜಿಗೆ ಬಾಗಿಲೆಂದರೆ ಒಂದು ಸರಪಳಿ. ಮೋತಿಲಾಲ ಕಳಿಸಿದ ಡ್ರೈವರ್ ಜೇಬಿನಲ್ಲಿ ಲಾರಿಯ ಇನ್ನೊಂದು ಚಾವಿ ಇಟ್ಟುಕೊಂಡು ಬಂದ, ಸರಪಳಿ ತೆಗೆದ, ಲಾರಿ ಎಬ್ಬಿಸಿಕೊಂಡು ಹೋದ. ಕೈಬಿಗಿ ನಟ್ಟುಗಳು ಇಳಿಜಾರಿನ ಅರ್ಧಕ್ಕೆ ಬರುವಷ್ಟರಲ್ಲಿ ಕಳಚಿದವು. ಸ್ಟೀರಿಂಗು ಬರಿದೇ ತಿರುಗಿತು, ಒಂದು ಗಾಲಿ ಅತ್ತ, ಒಂದು ಇತ್ತ. ತಿರುವಿನಲ್ಲಿ ಹೇಮಿಬಾಯಿ ಕೂತಿದ್ದಳು.

ಕಾಸೀಮಸಾಬ ಮಸೀದಿಯಿಂದ ಓಡಿ ಬಂದಾಗ ಟೊಮ್ಯಾಟೊ ಚೆಲ್ಲಿ ರಸ್ತೆಯೆಲ್ಲ ಕೆಂಪಾಗಿತ್ತು. ಯಾವುದು ರಕ್ತ ಎಂದು ಮೊದಲು ತಿಳಿಯಲಿಲ್ಲ. ಯಮನೂರ ಎಡಗೈಯಲ್ಲಿ ಅನ್ನ ಕಲಸಿದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು, ಗಾಲಿಯ ಕೆಳಗೆ ನೋಡುತ್ತ ನಿಂತಿದ್ದ. ಬೈಯುತ್ತಿರಲಿಲ್ಲ.

ಸಂಜೆ ಠಾಣೆಗೆ ಕರೆಸಿದರು. ಮೇಜಿನ ಈಚೆ ಮೋತಿಲಾಲ ಕುರ್ಚಿಯಲ್ಲಿ, ಯಮನೂರ ನಿಂತು. ಬರೆಯುವವನು ಒಬ್ಬ ಹವಾಲ್ದಾರ. “ನನಗೆ ಕನ್ನಡ ಬರುತ್ತದೆ, ಇವನು ಆತು ಎಂದ, ಎರಡು ಸಲ” ಎಂದು ಮೋತಿಲಾಲ ಕೊಂಕಣಿಯಲ್ಲಿ ಹೇಳಿ ಮುಗಿಸಿದ್ದ. ಹವಾಲ್ದಾರ ಹಿಂದಿಯಲ್ಲಿ ಕೇಳಿದ.

“ಆತು ಬೋಲಾ?”

“ಬೋಲಾ ಸಾಬ್, ಲೇಕಿನ್...”

“ಆತು ಮತ್ಲಬ್ ಹೋ ಗಯಾ?”

“ಹೋ ಗಯಾ ಭೀ ಹೋತಾ ಸಾಬ್, ಲೇಕಿನ್...”

“ಲೇಕಿನ್ ಬಾದ್ ಮೇಂ.” ಆದರೆ ಗೀದರೆ ಎಲ್ಲ ಆಮೇಲೆ ಎಂದು. ಆ ‘ಆಮೇಲೆ’ ಬರಲೇ ಇಲ್ಲ. ಪೆನ್ನು ಓಡಿತು: ‘ಜಾಲೆಂ ಮ್ಹಣ್ ಸಾಂಗ್ಲೆಂ.’ ಮುಗಿಯಿತು ಎಂದು ಹೇಳಿದನು.

ಯಮನೂರನಿಗೆ ಬಾಯಿಂದ ಆಗದ್ದನ್ನು ಕೈಯಿಂದ ತೋರಿಸಬೇಕೆನಿಸಿತು. ಅಂಗಿಯ ಜೇಬಿನಿಂದ ನಾಲ್ಕು ಕಡಾಣಿ ತೆಗೆದು ಮೇಜಿನ ಮೇಲಿಟ್ಟ. ಹಸೀ ಕೂಡಿಸಿ ಮುಗಿಸುವ ತನಕ ಅವು ಅವನ ಜೇಬು ಬಿಟ್ಟು ಕದಲುತ್ತಿರಲಿಲ್ಲ. ನೋಡಿ, ಇವು ಇನ್ನೂ ನನ್ನ ಹತ್ತಿರ ಇವೆ, ಅಂದರೆ ಕೆಲಸ ಮುಗಿದಿಲ್ಲ ಎಂದು ಹೇಳಲು ಹೊರಟಿದ್ದ. ಹವಾಲ್ದಾರ ಅವನ್ನು ಎಣಿಸಿ ಬರೆದ: ‘ಹಾಕಬೇಕಾದ ಪಿನ್ನುಗಳನ್ನು ಹಾಕಲು ಮರೆತದ್ದು ಆರೋಪಿಯ ಜೇಬಿನಲ್ಲಿ ಸಿಕ್ಕಿತು.’

ಬಾಗಿಲಲ್ಲಿದ್ದ ಕಾಸೀಮಸಾಬ ತಡೆಯಲಾರದೆ ಒಳಗೆ ಬಂದ. “ಸಾಬ್, ಕನ್ನಡ್ ಮೇಂ ಆತು ಕಾ...”

“ತುಂ ಕೋಣ್?”

“ಲೇಥ್‌ವಾಲಾ.”

“ಭಾಯ್ರ್ ರಾವ್.” ಹೊರಗೆ ನಿಲ್ಲು.

ಮನೆಗೆ ಬರುವಾಗ ಯಮನೂರ ಒಂದೇ ಮಾತಾಡಿದ. “ಸಾಬಣ್ಣ, ನಾ ಆತು ಅನ್ನೂ ಬದ್ಲಿ ಮಾಡ್ತೇನ್ರಿ ಅಂದಿದ್ರ ಉಳಕೊಂತಿದ್ನೇನೊ?”

ಹೇಮಿಬಾಯಿ ಇದ್ದ ಆಸ್ಪತ್ರೆಗೆ ಹೋಗಲು ಅವನಿಗೆ ಧೈರ್ಯವಾಗಲಿಲ್ಲ. ನಾಲ್ಕನೇ ದಿನ ಕಾಸೀಮಸಾಬ ರಟ್ಟೆ ಹಿಡಿದು ಎಳೆದುಕೊಂಡು ಹೋದ. ಮೊಣಕಾಲಿನ ಕೆಳಗೆ ಎಲುಬು ಎರಡು ಕಡೆ ಮುರಿದಿತ್ತು, ರಾಡು ಹಾಕಿದ್ದರು. ಹೇಮಿಬಾಯಿ ಇಬ್ಬರನ್ನೂ ನೋಡಿ ಮುಖ ತಿರುಗಿಸಿದಳು.

“ಬರ್ರಿ, ಬರ್ರಿ. ನಾಕು ದಿನಕ್ಕ ನೆಪ್ಪಾತೇನು? ಸತ್ತಿದ್ರ ಮಣ್ಣಿಗರೆ ಬರ್ತಿದ್ರಿಲ್ಲೊ?”

ಯಮನೂರ ಮಂಚದ ಕಾಲು ಹಿಡಿದುಕೊಂಡು ನೆಲಕ್ಕೆ ಕೂತ. “ಬಾಯಿ, ನಾ ಮುಗೀತಂತ ಹೇಳಿದ್ದಿಲ್ಲ. ನಿಮ್ಮಾಣಿ.”

“ಹುಚ್ಚಪ್ಪ! ಆಣಿ ಯಾಕೊ? ನೀ ಮುಂಜಾನೆ ಕಾಂಟಾ ಒಯ್ದಿ, ತಂದ ಕೊಟ್ಟಿ. ಎರಡನೇ ಸಲ ಕೇಳಾಕ ಬರಲಿಲ್ಲ. ನೀ ಇನ್ನಾ ಮುಗಿಸಿಲ್ಲಂತ ಈ ಮಂಗೋರ್ ಹಿಲ್ಲಿನ್ಯಾಗ ನನಗ ಗೊತ್ತಿಲ್ದ ಯಾರಿಗೆ ಗೊತ್ತು?” ಎಂದಳು. ಉಸಿರು ಎಳೆದುಕೊಂಡು ಮತ್ತೆ ಹೇಳಿದಳು: “ಅದಕ್ಕ ಅಣ್ಣಾ ನನ್ನ ಕಾಲ ಹೋತು. ಮ್ಯಾಲಿಂದ ಗಾಡಿ ಬರೂದು ಕಂಡೆ. ಇದ್ಹೆಂಗ ಬಂತು, ಇನ್ನಾ ಒಣಾ ಐತೆಲ್ಲ ಅಂತ ನೋಡ್ಕೋತ ಕುಂತೆ. ಇಲ್ಲಂದ್ರ ಎದ್ದ ಓಡತಿದ್ದೆ.”

ಯಮನೂರ ಅಲ್ಲೇ ಕೂತು ಅತ್ತ. ಕಾಸೀಮಸಾಬ ಇಪ್ಪತ್ತಾರು ವರ್ಷದಲ್ಲಿ ಅವನು ಅತ್ತದ್ದು ನೋಡಿರಲಿಲ್ಲ.

“ಅಳಬ್ಯಾಡ. ಇದನ್ನ ಹೋಗಿ ಬರಸು” ಎಂದಳು ಹೇಮಿಬಾಯಿ. “ನನ್ನ ಕೇಳಾಕ ಬಂದಿದ್ದ ಪೋಲೀಸಪ್ಪ ಗಾಡಿ ಯಾವ ಬಣ್ಣದ್ದು, ಯಾವ ಕಡಿಂದ ಬಂತು, ಅಷ್ಟ ಕೇಳಿ ಹೆಬ್ಬಟ್ಟ ಒತ್ತಿಸಿಕೊಂಡ ಹೋದ.”

ಬರೆಸಲು ಹೋದದ್ದೇ ಎಂಟು ತಿಂಗಳ ಕಥೆ. ಸಾಹೇಬರಿಲ್ಲ, ನಾಳೆ ಬಾ. ಸಾಹೇಬರಿದ್ದಾರೆ, ಬಿಡುವಿಲ್ಲ. ಹೇಳಿಕೆ ಒಮ್ಮೆ ಕೊಟ್ಟ ಮೇಲೆ ಮುಗಿಯಿತು. ಕೋರ್ಟಿನಲ್ಲಿ ಹೇಳು. ಕೋರ್ಟಿನಲ್ಲಿ ಮುಂದಿನ ತಾರೀಖು. ಗಾಡಿ ತಪಾಸಣೆಗೆ ಬಂದ ಸಾಹೇಬ ಇಸ್ತ್ರಿ ಪ್ಯಾಂಟಿನವನು. ಠಾಣೆಯಂಗಳದಲ್ಲಿ ನಿಂತ ಲಾರಿಯ ಸುತ್ತ ಒಂದು ಸುತ್ತು ಬಂದು, ಮೊಣಕಾಲಿನ ಮೇಲೆ ಕೈಯಿಟ್ಟು ಬಗ್ಗಿ ನೋಡಿದ. ಯಮನೂರ ನಟ್ಟು ಬಿಚ್ಚುವ ಪಾನಾ ಹಿಡಿದು ಹಿಂದೆಯೇ ಓಡಾಡಿದ. “ಬಿಚ್ಚಿ ತೋರಸ್ತೇನ್ರಿ. ಒಳಗ ಒಂದ ಹನಿ ಗ್ರೀಸಿಲ್ರಿ. ಒಣಾ ಅಚ್ಚನ್ನ ಯಾವ ಮೇಸ್ತ್ರಿ ಮುಗೀತಂತಾನ್ರಿ? ಆರು ಬೋಲ್ಟ್ ಅಷ್ಟ್ರಿ.” ಕಾಸೀಮಸಾಬ ಅದನ್ನು ಹಿಂದಿಯಲ್ಲಿ ಹೇಳಿದ. ಬಿಚ್ಚುವುದು ನನ್ನ ಕೆಲಸವಲ್ಲ ಎಂದ ಸಾಹೇಬ. ‘ಪಿನ್ನುಗಳಿಲ್ಲ, ಮೆಕ್ಯಾನಿಕ್‌ನ ನಿಷ್ಕಾಳಜಿ’ ಎಂದು ಬರೆದು ಹೋದ. ಆರು ಬೋಲ್ಟು! ಒಬ್ಬ ಮನುಷ್ಯನ ಮರ್ಯಾದೆ ಆರು ಬೋಲ್ಟಿನ ಹಿಂದೆ ಇತ್ತು. ಸರಕಾರದ ಸಂಬಳ ತಿನ್ನುವ ಒಬ್ಬನಿಗೂ ಮೊಣಕಾಲೂರಲು ಮನಸ್ಸಾಗಲಿಲ್ಲ.

ಏಪ್ರಿಲ್‌ನಲ್ಲಿ ಮೋತಿಲಾಲ ಮತ್ತೆ ಬಂದ. ಲಾರಿ ಬಿಡಿಸಿಕೊಂಡಿದ್ದರು. ಮೇ ತಿಂಗಳಲ್ಲಿ ಪಾತ್ರಾಂವನ ಮಗಳ ಮದುವೆ, ಮದುಮಗಳು ಆ ಲಾರಿಯಲ್ಲೇ ಬರಬೇಕಂತೆ. ಮೂರು ಗ್ಯಾರೇಜಿನವರು ಅಚ್ಚು ನೋಡಿ ಕೈಮುಗಿ‌ದಿದ್ದರು. ಈ ಸಲ ಮೋತಿಲಾಲ ಕಾರಿನಿಂದ ಇಳಿದು ಬಂದಿದ್ದ, ದನಿಯಲ್ಲಿ ಬೆಣ್ಣೆ. ಯಮನೂರ ಕೈಯಲ್ಲಿದ್ದ ಪಾನಾವನ್ನು ತಗಡಿನ ಗೋಡೆಗೆ ಬೀಸಿ ಒಗೆದ. ತಗಡು ತೂತಾಯಿತು. ಆ ತೂತು ಈಗಲೂ ಇದೆ. ಮೋತಿಲಾಲ ಹೋದ ಮೇಲೂ ಅರ್ಧ ತಾಸು ಯಮನೂರ ಬೈದ. ಅವತ್ತು ನಟ್ಟಿಗಲ್ಲ, ಮನುಷ್ಯರಿಗೆ.

ಸುದ್ದಿ ಹೇಮಿಬಾಯಿಗೆ ಮುಟ್ಟಿತು. ಅವಳು ಬಗಲಲ್ಲಿ ಕೋಲು ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಯಮನೂರನನ್ನು ಕರೆಸಿದಳು.

“ಹೋಗಿ ಮುಗಸು.”

“ಏನ್ ಮಾತಾಡ್ತೀರಿ ಬಾಯಿ? ಅವ್ರಿಗಿ ಮಾಡಿ ಕೊಡ್ಲೇನು? ನಿಮ್ಮ ಕಾಲ ಮುರದವ್ರಿಗೆ?”

“ಅವ್ರಿಗ್ಯಾರ ಮಾಡಂದ್ರು? ನೀ ಮಾಡ್ಲಿಲ್ಲಂದ್ರ ನಾಳೆ ಯಾವನರೆ ಹೆಡ್ಡ ಬಂದು ಎರಡ ಮೊಳಿ ಬಡದು ರಸ್ತಾಕ್ಕ ಬಿಡ್ತಾನ. ಆವಾಗ ತಿರುವಿನ್ಯಾಗ ಕುಂತಾಕಿ ನನ್ನಂಗ ಒಂದ ಕಾಲಿಗೆ ಉಳಿತಾಳೇನು? ಮುಗಸು. ಆದ್ರ ಬಿಚ್ಚೂ ಮುಂದ ನನ್ನ ಕರಕೊಂಡ ಹೋಗು. ಆ ಸಾಹೇಬ ನೋಡ್ಲಿಲ್ಲ, ನಾ ನೋಡ್ತೇನಿ.”

ರೆಸಾರ್ಟಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಯಮನೂರ ಆರು ಬೋಲ್ಟು ಬಿಚ್ಚಿದ. ಆಟೊದಲ್ಲಿ ಕರೆತಂದ ಹೇಮಿಬಾಯಿಯನ್ನು ಕಾಸೀಮಸಾಬ ಒಂದು ಹಳೆ ಟಯರಿನ ಮೇಲೆ ಕೂಡಿಸಿದ್ದ. ಬಟ್ಟಲು ಕಳಚಿತು. ಅವಳು ಬೆರಳು ಒಳಗೆ ಹಾಕಿ ಸುತ್ತಲೂ ಒರೆಸಿದಳು, ತೆಗೆದು ನೋಡಿದಳು. ತುಕ್ಕಿನ ಪುಡಿ ಅಂಟಿತ್ತು, ಜಿಡ್ಡಿನ ಸುಳಿವಿರಲಿಲ್ಲ. ಬೆರಳನ್ನು ಮೋತಿಲಾಲನ ಮುಖದ ಮುಂದೆ ಹಿಡಿದಳು. ಅವನು ಫೋನು ಬಂತೆಂದು ಹೊರಗೆ ಹೋದ. ಕಾಸೀಮಸಾಬ ಮೊಬೈಲಿನಲ್ಲಿ ಹನ್ನೊಂದು ಫೋಟೊ ತೆಗೆದು ಠಾಣೆಗೆ ಒಯ್ದ. ಇದು ಯಾವ ಗಾಡಿಯದೋ ಯಾವ ದಿನದ್ದೋ ಯಾರಿಗೆ ಗೊತ್ತು ಎಂದರು.

ಒಂಬತ್ತು ದಿನ ಯಮನೂರ ಅಲ್ಲೇ ದುಡಿದ. ಎರಡೂ ಗಾಲಿಗಳನ್ನು ಜೋಡಿಸುವ ಕೂಡುಗೋಲು ಬಗ್ಗಿತ್ತು, ಅದನ್ನು ಕಾಯಿಸಿ ನೆಟ್ಟಗೆ ಮಾಡಿದ. ಕಾಸೀಮಸಾಬ ಒಂದು ಪಿನ್ ಹೊಸದಾಗಿ ಕಡೆದು ಕೊಟ್ಟ. ಕಂಬಳಿಯ ಬಳೆಗಳನ್ನು ಎಣ್ಣೆಯಲ್ಲಿ ನೆನೆಸಿ ಕೂರಿಸಿ, ಗುಂಡಿನ ತುಂಬ ಗ್ರೀಸು ತುಂಬಿ, ಹೇಮಿಬಾಯಿಯ ಕಾಂಟಾ ಹಾಕಿ ಎಳೆದ. ಮುಳ್ಳು ಎರಡೂವರೆಯಲ್ಲಿ ನಿಂತಿತು. ಹಲ್ಲು ಕಚ್ಚಿಕೊಂಡು ಮಾಡಿದ ಕೆಲಸ, ಆದರೆ ಅವನ ಕೈಯಿಂದ ಅಷ್ಟು ಚಂದದ ಅಚ್ಚು ಹಿಂದೆ ಬಂದದ್ದನ್ನು ಕಾಸೀಮಸಾಬ ನೋಡಿರಲಿಲ್ಲ. ಒಂದು ಬೆರಳಿಗೆ ಗಾಲಿ ಹೊರಳುತ್ತಿತ್ತು. ಹೊಸ ಕಡಾಣಿಗಳನ್ನು ಹಾಕಿ ತುದಿ ಮಡಚಿದ ಮೇಲೆ ಯಮನೂರ ಮೋತಿಲಾಲನ ಕೈಹಿಡಿದು ಕೆಳಗೆ ಬಗ್ಗಿಸಿ, ನಾಲ್ಕನ್ನೂ ಅವನ ಬೆರಳಿನಿಂದಲೇ ಮುಟ್ಟಿಸಿದ. ಆತು ಎಂದು ಮಾತ್ರ ಅನ್ನಲಿಲ್ಲ.

ಮದುವೆಯ ಫೋಟೊ ಎಲ್ಲರ ಮೊಬೈಲಿಗೂ ಬಂತು. ಚೆಂಡು ಹೂವಿನ ಮಾಲೆ ಹಾಕಿದ ಲಾರಿ, ಮೇಲೆ ಮದುಮಗಳು, ಕೆಳಗೆ ಎರಡು ಸಾಲು: ಪಾತ್ರಾಂವ ಸ್ವಂತ ಮುತುವರ್ಜಿಯಿಂದ ಈ ಯುದ್ಧಕಾಲದ ವಾಹನಕ್ಕೆ ಮರುಜೀವ ಕೊಟ್ಟರು. ಮರುಜೀವ ಕೊಟ್ಟವನು ಆ ದಿನ ಕೋರ್ಟಿನ ಮೊಗಸಾಲೆಯಲ್ಲಿ ತನ್ನ ಹೆಸರು ಕೂಗುವುದನ್ನು ಕಾಯುತ್ತ ನಿಂತಿದ್ದ. ಕೂಗಲಿಲ್ಲ. ಕೂಗಿದ್ದರೂ ಜಮನೂರ್ ಎಂದೇ ಕೂಗುತ್ತಿದ್ದರು.

ಶ್ರಾವಣ ಕಳೆದ ಒಂದು ಬೆಳಿಗ್ಗೆ ಯಮನೂರ ಸರಪಳಿ ತೆಗೆಯುತ್ತಲೇ ಎದೆ ಹಿಡಿದುಕೊಂಡು ಕುಸಿದ. ಆಟೊದಲ್ಲಿ ಕಾಸೀಮಸಾಬನ ತೊಡೆಯ ಮೇಲೆ ತಲೆಯಿಟ್ಟಿದ್ದ. ಆಸ್ಪತ್ರೆಯ ಗೇಟು ದಾಟುವ ಮುಂಚೆ ಹೋದ. ವಯಸ್ಸು ಐವತ್ತೊಂದು. ಹೃದಯಾಘಾತ ಎಂದು ಬರೆದರು. ಕಾಸೀಮಸಾಬನಿಗೆ ಹಾಗನ್ನಿಸುವುದಿಲ್ಲ. ಪ್ರತಿ ಸೋಮವಾರ ಠಾಣೆಯ ಬಾಗಿಲಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಕೂತವರು ಚಹಾ ಕುಡಿದದ್ದಕ್ಕೆ ಬೇರೆ ಹೆಸರಿರಬೇಕು.

ಹದಿನೈದು ದಿನಕ್ಕೆ ಸುದ್ದಿ ಬಂತು: ಆರೋಪಿ ಸತ್ತಿದ್ದಾನೆ, ಕೇಸು ಬಂದ್. ಹುಲಿಗೆಮ್ಮ, “ಹೋಗ್ಲಿ ಬಿಡ್ರಿ ಕಾಸೀಮಣ್ಣ, ಇನ್ನ ಅವ್ರಿಗೇನ್ ಕೇಳಸ್ತೈತಿ?” ಎಂದಳು. ಕಾಸೀಮಸಾಬ ಬಿಡಬೇಕೆಂದೇ ಇದ್ದ. ಹೇಮಿಬಾಯಿ ಬಿಡಲಿಲ್ಲ. ಕೇಸು ಬಂದ್ ಆದರೆ ಆ ಸಾಲು ಹೊಡೆಯುವವರೇ ಇಲ್ಲ, ಅದೇ ಖರೇ ಆಗಿ ಉಳಿಯುತ್ತದೆ ಎಂದು ಅವಳಿಗೆ ತಿಳಿದಿತ್ತು.

ಈ ಸೋಮವಾರ ಅವಳು ಕೋಲೂರಿಕೊಂಡು ಠಾಣೆಯ ಮೆಟ್ಟಿಲು ಹತ್ತಿದಳು. ಹಿಂದೆ ಕಾಸೀಮಸಾಬ. ಅದೇ ಹವಾಲ್ದಾರ. ಕೇಸು ಮುಗಿದಿದೆ ಎಂದ. ಕಾಲು ಮುರಿದದ್ದು ನನ್ನದು, ನಾನಿನ್ನೂ ಇದ್ದೇನೆ ಎಂದಳು ಅವಳು. ಅವನು ಕೈ ಬೀಸಿದ. ಅವಳು ಅವನ ಮೇಜಿನ ಮುಂದೆ ನೆಲದ ಮೇಲೆ, ರಾಡಿನ ಕಾಲು ಚಾಚಿ, ಹೋಗಿ ಬರುವವರು ದಾಟಿಕೊಂಡೇ ಹೋಗಬೇಕಾಗುವಂತೆ ಕೂತುಬಿಟ್ಟಳು. ತಾಸೆರಡು ಹೋಯಿತು. ಕೊನೆಗೆ ಹವಾಲ್ದಾರ ಒಂದು ಬಿಳಿ ಹಾಳೆ ಒಗೆದು, ಏನು ಬೇಕೋ ಬರೆದು ಕೊಟ್ಟು ನಡಿ ಎಂದ.

ಹೇಮಿಬಾಯಿ ಹಾಳೆಯನ್ನು ಕಾಸೀಮಸಾಬನ ಕೈಗೆ ಕೊಟ್ಟಳು. “ಬರಿ. ನಮ್ಮ ಭಾಷಾದಾಗ ಬರಿ. ನಾ ಹೇಳಿದಾಂಗ ಬರಿ, ಸುದ್ದ ಮಾಡಬ್ಯಾಡ.”

ಅವಳು ಹೇಳಿದಳು, ಅವನು ಬರೆದ. ಕಾಂಟಾ ಎಷ್ಟು ಸಲ ಒಯ್ದ, ಒಣಾ ಅಂದರೇನು, ಬೆರಳಿಗೆ ಏನು ಅಂಟಿತು, ಏನು ಅಂಟಲಿಲ್ಲ. ಎರಡೂ ಬದಿ ತುಂಬಿತು. ಕೆಳಗೆ ಅವಳು ಹೆಬ್ಬಟ್ಟು ಒತ್ತಿದಳು. ಹವಾಲ್ದಾರ ಹಾಳೆಯನ್ನು ಅತ್ತ ಇತ್ತ ತಿರುಗಿಸಿ ನೋಡಿ, ಇಲ್ಲಿ ಕನ್ನಡ ಓದುವವರು ಯಾರೂ ಇಲ್ಲ ಎಂದ. ಕಾಸೀಮಸಾಬ ಅದನ್ನು ಅವಳಿಗೆ ಹೇಳಿದ.

ಹೇಮಿಬಾಯಿ ಕೋಲು ಹಿಡಿದು ಎದ್ದಳು. ಹಾಳೆಯನ್ನು ಹವಾಲ್ದಾರನ ಮೇಜಿನ ಮೇಲೆ ಅಂಗೈಯಿಂದ ಒತ್ತಿ ಇಟ್ಟಳು.

“ಓದಾಕ ಬರೂದಿಲ್ಲಂದ್ರ ಇಟಗೊ. ಓದಾವ ಬರೂತನಾ ಇಟಗೊ.”